ದನದ ಡಾಕ್ಟ್ರು ಹೇಳಿದ ಹಾಡಿನ ನ್ಯಾಯ

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಮತ್ತೆ ಅದೇ ಜಗಳ. ‘ಕೊನೆ ಬಸ್ಸು’ ದೊಡ್ಡ ಹಾಡೋ, ‘ಬೆಳ್ಳಿ ಕಡಗ’ ದೊಡ್ಡ ಹಾಡೋ. ಹನೂರಿನ ಆಟೋದವನೊಬ್ಬ ಕೋಳಿ ಕೂಗುವ ಮುಂಚೆಯೇ ಶುರು ಮಾಡಿದ್ದಾನೆ. ಕೊಳ್ಳೇಗಾಲದವರು ಅವನ ಮೇಲೆ ಬಿದ್ದಿದ್ದಾರೆ. ಯಳಂದೂರಿನ ಒಬ್ಬ ಸುಮ್ಮನಿರಲಾರದೆ ನಗುವ ಮುಖದ ಚಿತ್ರ ಹಾಕಿ, ಅದಕ್ಕೆ ಇನ್ನೊಬ್ಬ ಸಿಟ್ಟಾಗಿ ಗುಂಪು ಬಿಟ್ಟು ಹೋಗಿ, ನಾನು ಮುಖ ತೊಳೆದು ಬರುವಷ್ಟರಲ್ಲಿ ಅವನನ್ನು ಯಾರೋ ಮತ್ತೆ ಸೇರಿಸಿಯೂ ಆಗಿತ್ತು. ಈ ಗುಂಪನ್ನು ಬಿಟ್ಟುಬಿಡಬೇಕು ಅಂತ ನಾನು ಪ್ರತಿದಿನ ಅಂದುಕೊಳ್ಳುತ್ತೇನೆ. ನನಗೂ ವಯಸ್ಸಾಯಿತು, ಮಂಡಿ ನೋವು ಬೇರೆ. ಹಾಡು ಕೇಳುವ ಆಸೆ ಇನ್ನೂ ಇದೆ. ಹಾಡಿನ ಬಗ್ಗೆ ಜಗಳ ಕೇಳುವ ತ್ರಾಣ ಇಲ್ಲ.

ಹೊಸಬರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಒಬ್ಬ ಹಾಡುಗಾರರಿದ್ದಾರೆ. ನಾವು ಅಣ್ಣ ಅಂತಲೇ ಕರೆಯುವುದು. ಸಿನಿಮಾದವರಲ್ಲ. ಟೇಪ್ ರೆಕಾರ್ಡರ್ ಕಾಲದಿಂದ ತಾವೇ ಬರೆದು, ತಾವೇ ರಾಗ ಹಾಕಿ ಹಾಡಿಕೊಂಡು ಬಂದವರು. ಮೊದಲು ಕ್ಯಾಸೆಟ್, ಆಮೇಲೆ ಸೀಡಿ, ಈಚೆಗೆ ಫೋನಿನಲ್ಲಿ ಆಗಾಗ ಒಂದೊಂದೇ ಹಾಡು. ಕೊಳ್ಳೇಗಾಲ, ಹನೂರು, ಯಳಂದೂರು, ಮೂರೂ ತಾಲ್ಲೂಕಿನಲ್ಲಿ ಅವರ ಅಭಿಮಾನಿಗಳಿದ್ದಾರೆ. ಅವರ ಅಷ್ಟೂ ಹಾಡುಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ, ಎರಡನೆಯದು ಯಾವುದು, ಹತ್ತರೊಳಗೆ ಯಾವುದು ಬರಬೇಕು ಅನ್ನುವುದೇ ನಮ್ಮ ಜನರ ಮುಗಿಯದ ವ್ಯಾಜ್ಯ. ಮುಗಿಯದು ಅಂದೆ, ಒಂದು ಕಾಲದಲ್ಲಿ ಮುಗಿಯುತ್ತಿತ್ತು. ಮುಗಿಸುವವರೊಬ್ಬರು ಇದ್ದರು.

ಅವರು ದನದ ಡಾಕ್ಟ್ರು. ಓದಿದ ಡಾಕ್ಟರಲ್ಲ, ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಆದರೆ ಹೊನ್ನೂರು, ಅಗರದ ಕಡೆ ಹಸು ಮೇವು ಬಿಟ್ಟರೆ ಜನ ಕರೆಯುತ್ತಿದ್ದದ್ದು ಇವರನ್ನೇ, ಹಾಗಾಗಿ ಡಾಕ್ಟ್ರು. ಕುಳ್ಳಗೆ, ಕಪ್ಪಗೆ, ಕಿವಿಯ ಮೇಲೆ ಪೊದೆಯಂತೆ ಕೂದಲು. ಹಳೇ ಮೊಪೆಡ್ಡಿನ ಹ್ಯಾಂಡಲ್ಲಿಗೆ ಔಷಧಿ ಚೀಲ, ಹಿಂದಿನ ಕ್ಯಾರಿಯರಿಗೆ ಯಾರೋ ಕೊಟ್ಟ ಬಾಳೆಗೊನೆಯೋ ಸೋರೆಕಾಯಿಯೋ. ಅಂಗಿಯ ಬಲತೋಳು ಯಾವಾಗಲೂ ಮೇಲಕ್ಕೆ ಮಡಚಿಯೇ ಇರುತ್ತಿತ್ತು, ಮದುವೆ ಮನೆಯಲ್ಲೂ. ಯಾಕೆ ಅಂತ ಕೇಳಿದರೆ, “ಯಾವ ಹೊತ್ತಲ್ಲಿ ಯಾವ ಹಸಿನೊಳ್ಗೆ ಕೈ ಆಕ್ಬೇಕೋ ಯಾರ್ಗೊತ್ತು” ಅನ್ನುತ್ತಿದ್ದರು. ಊಟಕ್ಕೆ ಕೂತವರು ಎದ್ದು ಹೋಗುವ ಹಾಗೆ ಮಾತಾಡುವುದರಲ್ಲಿ ಅವರದು ಎತ್ತಿದ ಕೈ.

ಕೆಲಸ ಮಾಡುವಾಗ ಅಣ್ಣನ ಹಾಡು ಗುನುಗುತ್ತಿದ್ದರು. ಅದನ್ನು ಕೇಳಿ ಅಗರದ ಒಬ್ಬ ಯಜಮಾನ, “ಕೋಣನ ಮುಂದೆ ಕಿನ್ನರಿ ಬಾರ್ಸಿದಂಗೆ ಆಯ್ತಲ್ಲ ಡಾಕ್ಟ್ರೇ” ಅಂದನಂತೆ. ಇವರು ಎಮ್ಮೆಯ ಹೊಟ್ಟೆಯಿಂದ ಕಿವಿ ತೆಗೆಯದೆ, “ಕೋಣ ಚೆಂದಾಗೇ ಕೇಳ್ತದೆ ಕಣ್ರಿ, ಬಾರ್ಸೋನ್ಗೆ ಬರ್ಬೇಕಷ್ಟೆ” ಅಂದರಂತೆ. ಅವರ ಹೆಂಡತಿ ಮಾತ್ರ ನನ್ನ ಹತ್ತಿರ ಒಂದು ಸಲ ದೂರಿದ್ದರು. “ಮದ್ವೆ ಆದಾಗಿಂದ ಈ ಮನೇಲಿ ಮೂರು ಜನ ಕಣಣ್ಣ. ನಾನು, ಇವ್ರು, ಆ ಆಡೋರು. ಅವ್ರಿಗೆ ಕಾಫಿ ಕಾಸಿ ಕೊಡದೊಂದು ಬಾಕಿ.”

ಯುಗಾದಿಯ ಮಾರನೇ ದಿನ ಹೊಸತೊಡಕು. ಊರೆಲ್ಲ ಬಾಡೂಟ ಉಂಡು ಇಸ್ಪೀಟು ಹಿಡಿದು ಕೂರುವ ದಿನ. ನಾವು ಮಾತ್ರ ಯಳಂದೂರಿನ ಹಳೇ ಅಕ್ಕಿ ಗಿರಣಿಯ ಜಗಲಿಯಲ್ಲಿ ಸೇರುತ್ತಿದ್ದೆವು. ಆ ದಿನ ಹಾಡುಗಳ ನ್ಯಾಯ. ಸುಮ್ಮನೆ ಹರಟೆಯಲ್ಲ, ನಮ್ಮ ಕಡೆ ಕಟ್ಟೆಮನೆಯಲ್ಲಿ ಕುಲದ ಹಿರಿಯರು ಹೇಗೆ ನ್ಯಾಯ ಮಾಡುತ್ತಾರೋ ಹಾಗೆಯೇ, ಅದೇ ಕ್ರಮದಲ್ಲಿ. ಇದು ಡಾಕ್ಟ್ರದ್ದೇ ಏರ್ಪಾಡು. ಮೊದಲೆಲ್ಲ ಈ ವಿಷಯಕ್ಕೆ ಹನೂರಿನವರಿಗೂ ಕೊಳ್ಳೇಗಾಲದವರಿಗೂ ಕೈ ಕೈ ಮಿಲಾಯಿಸುವ ಜಗಳವೇ ಆಗಿತ್ತು. ಆಗ ಇವರು, “ಒಲ ಗದ್ದೆ ವ್ಯಾಜ್ಯನೇ ಕೂತು ಮಾತಾಡಿ ಮುಗ್ಸ್ತೀರಿ, ಆಡಿಂದು ಮುಗ್ಸಕಾಗಲ್ವ?” ಅಂತ ಚಾಪೆ ಹಾಸಿಸಿದರು. ನಡುವೆ ತಟ್ಟೆಯಲ್ಲಿ ಎಲೆ ಅಡಿಕೆ. ಒಂದೊಂದು ಹಾಡಿನ ಪರವಾಗಿ ಒಬ್ಬೊಬ್ಬ ಎದ್ದು ನಿಂತು ಮಾತಾಡಬೇಕು. ಎದುರು ಕಡೆಯವನು ಪ್ರಶ್ನೆ ಕೇಳಬಹುದು, ಬೈಯುವ ಹಾಗಿಲ್ಲ. ಕೊನೆಗೆ ಯಜಮಾನ ನ್ಯಾಯ ಹೇಳಿ ತಟ್ಟೆಯಿಂದ ಎಲೆ ಎತ್ತಿದರೆ ಮುಗಿಯಿತು. ಮುಂದಿನ ಯುಗಾದಿಯವರೆಗೆ ಯಾರೂ ಅದರ ಮಾತೆತ್ತುವಂತಿಲ್ಲ. ಯಜಮಾನಿಕೆ ಡಾಕ್ಟ್ರದು. ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಅವರ ಪಕ್ಕ ಕೂರುವುದು ನನ್ನ ಕೆಲಸ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. “ಯಾನ್ರಿ ತಾಲ್ಲೂಕಾಪೀಸು” ಅನ್ನುತ್ತಿದ್ದರು.

ಅವರ ನ್ಯಾಯ ಕೇಳುವುದೇ ಒಂದು ಸೊಗಸು. ಒಂದು ವರ್ಷ ಕೊಳ್ಳೇಗಾಲದ ರೇಷ್ಮೆ ಸೀರೆ ಮಗ್ಗದ ಮಾದೇವ ಒಂದು ವಿರಹದ ಹಾಡಿನ ಪರವಾಗಿ ನಿಂತು, ತನ್ನನ್ನು ಬಿಟ್ಟುಹೋದ ಹುಡುಗಿಯ ಕಥೆಯನ್ನೆಲ್ಲ ಹೇಳಿಕೊಂಡು ಕಣ್ಣೀರು ಹಾಕಿಬಿಟ್ಟ. ಸಭೆಯೆಲ್ಲ ಕರಗಿತು. ಡಾಕ್ಟ್ರು ಅವನು ಮೂಗೊರೆಸಿಕೊಳ್ಳುವವರೆಗೆ ಕಾದು, “ನೀ ಅತ್ತದ್ದು ಆಡಿಂದಲ್ಲ ಕಣ್ಲಾ, ಆ ಮೊಗ ಬುಟ್ಟೋದ್ರಿಂದ. ಆ ದುಕ್ಕ ಆಡಿನ ಲೆಕ್ಕಕ್ಕೆ ಬರಕ್ಕಿಲ್ಲ. ಈಗ ಆಡಿನ ಮಾತಾಡು” ಅಂದರು. ಮಾದೇವ ನಗುತ್ತ ಕೂತ. ಇನ್ನೊಂದು ವರ್ಷ ಅವನಿಗೂ ಹನೂರಿನ ಆಟೋದವನಿಗೂ ಮಾತು ಬೆಳೆದು ತೋಳೇರಿಸುವ ಮಟ್ಟಕ್ಕೆ ಹೋಯಿತು. ಡಾಕ್ಟ್ರು ಇಬ್ಬರಿಗೂ ಪಕ್ಷ ಬದಲಾಯಿಸಿದರು. ನೀನು ಅವನ ಹಾಡಿನ ಪರ ಮಾತಾಡು, ಅವನು ನಿನ್ನ ಹಾಡಿನ ಪರ ಮಾತಾಡಲಿ. ಇಬ್ಬರೂ ಮೊದಲು ತಡವರಿಸಿದರು. ಆಮೇಲೆ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ಸಂಜೆ ಟೀ ಕುಡಿಯುವಾಗ ತಮ್ಮ ತಮ್ಮ ಹಾಡಿಗಿಂತ ಎದುರಿನವನ ಹಾಡೇ ವಾಸಿ ಅನ್ನುತ್ತಿದ್ದರು.

ಇನ್ನೊಂದು ಕಟ್ಟುನಿಟ್ಟು ಅವರಿಗೆ. ಏನು ಹೇಳಿದರೂ ಕಾರಣ ಕೊಡುತ್ತಿದ್ದರು. ಇಂಥ ಹಾಡು ಯಾಕೆ ಮೇಲೆ, ಇಂಥದ್ದು ಯಾಕೆ ಕೆಳಗೆ, ಎಲ್ಲರೂ ಒಪ್ಪುವ ಹಾಗೆ ಬಿಡಿಸಿ ಹೇಳುತ್ತಿದ್ದರು. “ಕಾರ್ಣ ಯೋಳ್ದೆ ನ್ಯಾಯ ಯೋಳೋನೂ ಒಟ್ಟೆ ಮುಟ್ಟಿ ನೋಡ್ದೆ ಸೂಜಿ ಚುಚ್ಚೋನೂ ಇಬ್ರೂ ಒಂದೇಯ” ಅನ್ನುವುದು ಅವರ ಮಾತು. ಅದಕ್ಕೇ ಸೋತವನೂ ಮುಖ ಊದಿಸಿಕೊಳ್ಳದೆ ಎದ್ದು ಹೋಗುತ್ತಿದ್ದ. ಅವರ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ಹಾಡು ‘ಕೊನೆ ಬಸ್ಸು’. ಹಾಡಿನ ಕೊನೆಯಲ್ಲಿ ಅಣ್ಣನ ದನಿ ಒಂದೇ ಉಸಿರಿನಲ್ಲಿ ಮೇಲೆ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಅಲ್ಲಿಗೆ ಬಂದಾಗ ಡಾಕ್ಟ್ರು ಮೊಪೆಡ್ ನಿಲ್ಲಿಸಿ ಕೇಳುವುದನ್ನು ನಾನೇ ಕಂಡಿದ್ದೇನೆ. ಹಿಂದೆ ಲಾರಿಯವನು ಹಾರನ್ ಹೊಡೆದು ಬೈದುಕೊಂಡು ಹೋದ, ಇವರಿಗೆ ಅದರ ಪರಿವೆಯೇ ಇರಲಿಲ್ಲ.

ಅಂಥವರಿಗೆ ಆ ಗತಿ ಬಂತು ಅನ್ನುವುದು ನನಗೆ ಇವತ್ತಿಗೂ ಸಂಕಟ.

ಆ ವರ್ಷ ಹೊಸತೊಡಕಿನ ದಿನ ‘ಕೊನೆ ಬಸ್ಸು’ ಮತ್ತೆ ಮೊದಲ ಸ್ಥಾನಕ್ಕೆ ಬಂದಿತ್ತು. ಡಾಕ್ಟ್ರೇ ನ್ಯಾಯ ಹೇಳಿ ಎಲೆ ಎತ್ತಿದ್ದರು. ಸ್ವಲ್ಪ ದಿನಕ್ಕೆ ಕೊಳ್ಳೇಗಾಲದಲ್ಲಿ ಅಣ್ಣನ ಕಾರ್ಯಕ್ರಮ. ಬಹಳ ವರ್ಷದ ಮೇಲೆ ಬರುತ್ತಿದ್ದರು. ಏರ್ಪಾಡು ಮಾಡಿದವರು ನಮ್ಮನ್ನೇ ಕೇಳಿದ್ದರು, ಯಾವ ಯಾವ ಹಾಡು ಬೇಕೋ ನೀವೇ ಬರೆದು ಕೊಡಿ, ಅದನ್ನೇ ಹಾಡಿಸುತ್ತೇವೆ ಅಂತ. ನಮ್ಮವರಿಗೆ ಸ್ವರ್ಗ ಮೂರೇ ಗೇಣು. ನಮ್ಮ ನ್ಯಾಯಕ್ಕೆ ಅಣ್ಣನೇ ಬಂದು ಮುದ್ರೆ ಒತ್ತಿದ ಹಾಗಲ್ಲವೇ. ಮೊದಲ ಹಾಡು ‘ಕೊನೆ ಬಸ್ಸು’ ಎಂದು ಊರೆಲ್ಲ ಸಾರಿಕೊಂಡು ತಿರುಗಿದರು.

ಕಾರ್ಯಕ್ರಮದ ದಿನ ಮಧ್ಯಾಹ್ನ ಡಾಕ್ಟ್ರೂ ನಾನೂ ಅಣ್ಣನನ್ನು ನೋಡಲು ಪ್ರವಾಸಿ ಮಂದಿರಕ್ಕೆ ಹೋದೆವು. ಡಾಕ್ಟ್ರು ಬಿಳಿಗಿರಿರಂಗನ ಬೆಟ್ಟದಿಂದ ತರಿಸಿದ ಜೇನಿನ ಬಾಟಲಿ ಹಿಡಿದುಕೊಂಡಿದ್ದರು. ಜೀವಮಾನದಲ್ಲಿ ಮೊದಲ ಸಲ ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡಿದ್ದರು. ಅಣ್ಣ ಬಿಸಿನೀರು ಕುಡಿಯುತ್ತ ಕೂತಿದ್ದರು. ಕುತ್ತಿಗೆಗೆ ಮಫ್ಲರ್. ಮಾತು ಪಿಸುಪಿಸು. ಡಾಕ್ಟ್ರು ಜೇನು ಕೊಟ್ಟು, ಅಡ್ಡಬಿದ್ದು, ನೆಲದ ಮೇಲೇ ಕೂತರು.

“ಯಾವ್ ಯಾವ್ದು ಹಾಡ್ಬೇಕಪ್ಪ?” ಅಂತ ಅಣ್ಣ ಕೇಳಿದರು.

“ಮೊದ್ಲು ‘ಕೊನೆ ಬಸ್ಸು’ ಅಣ್ಣ” ಅಂದರು ಡಾಕ್ಟ್ರು.

ಅಣ್ಣ ನಕ್ಕರು. ಆಮೇಲೆ ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಆ ಹಾಡಿನ ಕೊನೆಯನ್ನು ಹಾಡಲು ನೋಡಿದರು. ದನಿ ಅರ್ಧಕ್ಕೆ ಹೋಗಿ ಸೀಳಿತು. ಇನ್ನೊಂದು ಸಲ ನೋಡಿದರು. ಬರಿಯ ಗಾಳಿ ಬಂತು. “ಗಂಟ್ಲು ಹೋಯ್ತಪ್ಪ. ಇನ್ನೂ ಯಾರಿಗೂ ಗೊತ್ತಿಲ್ಲ. ಕೆಳದನಿ ಹಾಡೆಲ್ಲ ಹೆಂಗೋ ನಿಭಾಯಿಸ್ತೀನಿ. ಇದು ಆಗಲ್ಲ. ಆದ್ರೆ ಜನ ಕೇಳಿದ ಮೇಲೆ ಹಾಡ್ದೆ ಇರೋಕಾಗುತ್ತಾ, ಹಾಡ್ತೀನಿ ಬಿಡಿ” ಅಂದರು.

ಡಾಕ್ಟ್ರ ಮುಖ ನಾನು ನೋಡಲಿಲ್ಲ, ನೋಡುವ ಧೈರ್ಯ ಆಗಲಿಲ್ಲ. ಅವರು ಎದ್ದು ಕೈಮುಗಿದು, “ಕೇಳಕ್ಕಿಲ್ಲ ಬುಡಿ ಅಣ್ಣ, ಯಾರೂ ಕೇಳಕ್ಕಿಲ್ಲ” ಅಂದರು. ಹೊರಗೆ ಬಂದು ಮೊಪೆಡ್ಡಿನ ಹತ್ತಿರ ನಿಂತು ನನ್ನ ಕೈ ಹಿಡಿದುಕೊಂಡರು. “ತಾಲ್ಲೂಕಾಪೀಸು, ಈ ವಿಸ್ಯ ನಿಮ್ಮ ಬಾಯಿಂದ ಆಚಿಗೆ ಬರಕೂಡ್ದು. ಬಂದ್ರೆ ನನ್ನಾಣೆ.” ನಾನು ಹೂಂ ಅಂದೆ.

ವೇದಿಕೆಯ ಹಿಂದೆ ನಮ್ಮವರೆಲ್ಲ ಸೇರಿದ್ದರು. ಡಾಕ್ಟ್ರು ನೇರ ಹೋಗಿ, “ಮೊದ್ಲಾಡು ‘ಬೆಳ್ಳಿ ಕಡಗ’. ‘ಕೊನೆ ಬಸ್ಸು’ ಪಟ್ಟೀಲೇ ಬ್ಯಾಡ” ಅಂದರು. ‘ಬೆಳ್ಳಿ ಕಡಗ’ ಕೆಳದನಿಯ ಹಾಡು, ಅಜ್ಜಿ ಮೊಮ್ಮಗುವಿಗೆ ಹೇಳಿದ ಹಾಗೆ ಮೆಲ್ಲಗೆ ಹೋಗುತ್ತದೆ.

ಎಲ್ಲರೂ ಬೆಪ್ಪಾದರು. ಮಾದೇವ ಮುಂದೆ ಬಂದು, “ಎಲೆ ಎತ್ತಿದೋರು ನೀವೇ ಅಲ್ವ ಡಾಕ್ಟ್ರೇ? ಈಗ ನೀವೇ ತಿರುಗ್ಸುದ್ರೆ ಯಾನ ಅರ್ಥ? ಕಾರ್ಣ ಯೋಳಿ” ಅಂದ.

“ಕಾರ್ಣ ಇಲ್ಲ ಕಣ್ಲಾ. ನಾ ಯೋಳ್ತಾ ಇವ್ನಿ.”

ಹೊಟ್ಟೆ ಮುಟ್ಟಿ ನೋಡದೆ ಎಂದೂ ಸೂಜಿ ಚುಚ್ಚದ ಮನುಷ್ಯ ಹೀಗೆ ಅಂದರು. ನಿಜ ಹೇಳಿದ್ದರೆ ಎಲ್ಲರೂ ಒಪ್ಪುತ್ತಿದ್ದರು. ಆದರೆ ಹನೂರಿಗೂ ಯಳಂದೂರಿಗೂ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಅಣ್ಣ ವೇದಿಕೆ ಹತ್ತುವ ಮೊದಲೇ ಜನ ಅವರ ಗಂಟಲನ್ನು ಎತ್ತಿ ಆಡುತ್ತಿದ್ದರು. ಅದು ಡಾಕ್ಟ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ಹುಡುಗರ ಬಗ್ಗೆ ಒಂದು ಮಾತು ಹೇಳಲೇಬೇಕು. ಎಷ್ಟು ಸಿಟ್ಟಿದ್ದರೂ ಅವರು ಆ ಸಂಜೆ ಯಜಮಾನನ ಮಾತು ಮೀರಲಿಲ್ಲ. ‘ಬೆಳ್ಳಿ ಕಡಗ’ವನ್ನೇ ಬರೆದು ಕೊಟ್ಟರು. ಹಿಂದೆ ನಿಂತ ಜನ “ಕೊನೆ ಬಸ್ಸು, ಕೊನೆ ಬಸ್ಸು” ಅಂತ ಕೂಗಿದಾಗ ಮಾದೇವನೇ ಎದ್ದು ಹೋಗಿ ಅವರನ್ನು ಸುಮ್ಮನಾಗಿಸಿದ. ಅಣ್ಣ ಮೆಲುದನಿಯಲ್ಲಿ ಹಾಡಿದರು, ಮೈದಾನ ಉಸಿರು ಹಿಡಿದು ಕೇಳಿತು. ಮುಗಿಸಿ ಅವರು ಎಲ್ಲ ದಿಕ್ಕಿಗೂ ಕೈಮುಗಿದರು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ಗಿರಣಿ ಜಗಲಿಯಲ್ಲಿ ಡಾಕ್ಟ್ರ ಮೇಲೆಯೇ ನ್ಯಾಯ ಕೂತಿತು. ಎತ್ತಿದ ಎಲೆಯ ಮಾತು ತಿರುಗಿಸಿದ್ದಾರೆ, ಕಾರಣ ಕೊಟ್ಟಿಲ್ಲ. ಒಬ್ಬ, ಏರ್ಪಾಡಿನವರ ಕೈಯಿಂದ ಏನೋ ಇಸಕೊಂಡಿದ್ದಾರೆ ಅಂದ. ಇನ್ನೊಬ್ಬ, ಅಷ್ಟು ವರ್ಷದಿಂದ ಕಾದಿದ್ದ ಹಾಡನ್ನು ಅಣ್ಣನ ಬಾಯಿಂದ ಕೇಳುವ ಭಾಗ್ಯ ತಪ್ಪಿಸಿದ ದ್ರೋಹಿ ಅಂದ. ಅವರ ಸಿಟ್ಟೂ ಸುಳ್ಳಲ್ಲ, ಅವರು ನಿಜವಾಗಿ ಕಾದಿದ್ದವರು. ಡಾಕ್ಟ್ರು ಚಾಪೆಯ ಆಚೆ, ತಪ್ಪಿತಸ್ಥರು ನಿಲ್ಲುವ ಕಡೆ ನಿಂತಿದ್ದರು. ಮಡಚಿದ ತೋಳು, ಕೈಕಟ್ಟಿದ ಭಂಗಿ. ನಾನು ಬಾಯಿ ತೆರೆಯಲು ಹೋದೆ. ಅವರು ನನ್ನನ್ನು ಒಮ್ಮೆ ನೋಡಿದರು, ಅಷ್ಟೇ.

“ತಪ್ಪಾಯ್ತು ಅಂತೀರಾ?” ಅಂತ ಮಾದೇವ ಕೇಳಿದ.

“ಆಯ್ತು ಕಣಪ್ಪ” ಅಂದರು.

ಕಟ್ಟೆಮನೆಯ ಪದ್ಧತಿಯಲ್ಲಿ ತಪ್ಪು ಒಪ್ಪಿದವನು ಎಲೆ ಅಡಿಕೆ ಇಟ್ಟು ಸಭೆಗೆ ಅಡ್ಡಬೀಳಬೇಕು. ತಮ್ಮ ಮಗನ ವಯಸ್ಸಿನ ಹುಡುಗರ ಮುಂದೆ ಡಾಕ್ಟ್ರು ಎಲೆ ಇಟ್ಟು ಉದ್ದಕ್ಕೆ ಅಡ್ಡಬಿದ್ದರು. ಏಳುವಾಗ ಸೊಂಟ ಹಿಡಿಯಿತು. ಯಾರೂ ಕೈ ಕೊಡಲಿಲ್ಲ, ನಾನೇ ಹೋಗಿ ಎತ್ತಿದೆ. ಆವತ್ತಿಗೆ ಅವರ ಯಜಮಾನಿಕೆ ಹೋಯಿತು. ಆಮೇಲೆ ಅವರು ಆ ಜಗಲಿ ಹತ್ತಲಿಲ್ಲ, ಬೇರೆ ಯಾರ ಮಾತಿಗೂ ಸಭೆ ನಿಲ್ಲಲಿಲ್ಲ. ಹೊಸತೊಡಕಿನ ನ್ಯಾಯವೇ ನಿಂತುಹೋಗಿ ಎಲ್ಲ ಫೋನಿಗೆ ಬಂತು. ಫೋನಿನಲ್ಲಿ ಯಾರು ಎಲೆ ಎತ್ತುವುದು, ಯಾರು ಸುಮ್ಮನಾಗುವುದು?

ನನಗೆ ಅವರ ಮೇಲೆ ಸಿಟ್ಟಿತ್ತು. ಆಣೆ ಹಾಕಿಸಿಕೊಂಡು ನನ್ನ ಬಾಯಿಗೆ ಬೀಗ ಹಾಕಿದರಲ್ಲ ಅಂತ. ಅವರು ನಿವೃತ್ತರಾದ ಮೇಲೂ ಹೊನ್ನೂರಿನ ಕಡೆ ಹಸು ನೋಡಲು ಹೋಗುತ್ತಿದ್ದರು. ಒಂದು ದಿನ ಬಸ್ ನಿಲ್ದಾಣದ ಹತ್ತಿರ ಸಿಕ್ಕಿದರು. ಕಾಯಿಲೆಯಿಂದ ಇಳಿದುಹೋಗಿದ್ದರು, ಮೊಪೆಡ್ ತಳ್ಳಿಕೊಂಡು ಬರುತ್ತಿದ್ದರು. “ಈಗಲಾದರೂ ಹೇಳಿಬಿಡಲಾ ಡಾಕ್ಟ್ರೇ? ನಿಮ್ಮ ಹೆಸರು ಉಳಿಯುತ್ತೆ” ಅಂದೆ.

ಅವರು ಹಣೆಯ ಬೆವರು ಒರೆಸಿಕೊಂಡು ಹೇಳಿದರು: “ಅಣ್ಣ ಇನ್ನೂ ಆಡ್ತಾ ಅವ್ರೆ. ನೀವು ಯೋಳುದ್ರೆ ನಾಳಿಂದ ಜನ ಆಡು ಕೇಳಕ್ಕಿಲ್ಲ, ಗಂಟ್ಲು ಎಲ್ಲಿ ಸೀಳ್ತದೆ ಅಂತ ಕಾಯ್ತಾ ಕೂತ್ಕತರೆ. ನನ್ನೆಸ್ರು ತಕಂಡು ಯಾನ ಮಾಡಾನ? ಅದೇನ ಆಡು ಯೋಳ್ತದಾ?”

ನಿಜಕ್ಕೂ ಅಣ್ಣ ಆಮೇಲೆ ಬಿಟ್ಟ ಹಾಡುಗಳೆಲ್ಲ ಕೆಳದನಿಯವೇ. ನಮ್ಮವರು ಅಣ್ಣ ಈಗ ಪಳಗಿದ್ದಾರೆ, ಗಂಭೀರವಾಗಿದ್ದಾರೆ ಅಂತ ಹೊಗಳಿದರು. ಡಾಕ್ಟ್ರು ಅವನ್ನು ಯಾರದೋ ಕೊಟ್ಟಿಗೆಯಲ್ಲಿ ಕೂತು ಕೇಳುತ್ತಿದ್ದರಂತೆ.

ಈ ಸಲದ ಚಳಿಗಾಲದಲ್ಲಿ ಡಾಕ್ಟ್ರು ತೀರಿಕೊಂಡರು. ಮಣ್ಣಿಗೆ ಹೊನ್ನೂರು, ಅಗರದಿಂದ ಹಸು ಸಾಕಿದವರು ಬಂದಿದ್ದರು. ನಮ್ಮ ಗುಂಪಿನವರು ಫೋನಿನಲ್ಲಿ ದೀಪದ ಚಿತ್ರ ಹಾಕಿದರು. ಒಬ್ಬ ಬರೆದಿದ್ದ, ‘ಕೊನೆಯಲ್ಲಿ ಅಣ್ಣನಿಗೆ ದ್ರೋಹ ಮಾಡಿದರು, ಆದರೂ ದೊಡ್ಡವರು.’ ಸಂಜೆಗೆ ಮತ್ತೆ ಹಾಡಿನ ಜಗಳ ಶುರುವಾಗಿತ್ತು.

ಹೋದ ತಿಂಗಳು ಅಣ್ಣ ತಾವೇ ಒಂದು ವಿಡಿಯೋ ಬಿಟ್ಟರು. ಗಂಟಲು ಕೆಟ್ಟು ಬಹಳ ವರ್ಷವಾಯಿತು, ಮೇಲಿನ ಸ್ವರ ಆವತ್ತೇ ಹೋಯಿತು, ಇಲ್ಲಿಯವರೆಗೆ ಹೇಗೋ ಮುಚ್ಚಿಕೊಂಡು ಹಾಡಿದೆ, ಇನ್ನು ಹಾಡುವುದಿಲ್ಲ ಅಂತ ಕೈಮುಗಿದರು. ಗುಂಪಿನಲ್ಲಿ ಗಂಡಸರೆಲ್ಲ ಅತ್ತರು. ಇನ್ನು ಕಾಯುವ ಗುಟ್ಟೇನೂ ಉಳಿದಿರಲಿಲ್ಲ. ನಾನು ಕೂತು, ಪ್ರವಾಸಿ ಮಂದಿರದಲ್ಲಿ ಆ ಮಧ್ಯಾಹ್ನ ಆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆದು ಹಾಕಿದೆ. ಆಮೇಲೆ ಹನೂರಿನ ಯಾರೋ, ‘ಅಣ್ಣ ಹಾಡೋದು ಬಿಟ್ಟ ಮೇಲೆ ಈಗ ಪಟ್ಟಿ ಖಾಯಂ ಮಾಡಬಹುದು, ಮೊದಲು ಯಾವುದು ಹೇಳಿ’ ಅಂತ ಬರೆದ. ಅದರ ಹಿಂದೆಯೇ ಸಾಲು ಸಾಲು ಬಂದು ನಾನು ಬರೆದದ್ದು ಎಲ್ಲೋ ಮೇಲೆ ಹೋಯಿತು. ನಾನು ಫೋನನ್ನು ಮಗುಚಿಟ್ಟು ಮಲಗಿದೆ.

ಮಾರನೇ ದಿನ ಮಾದೇವ ಫೋನ್ ಮಾಡಿದ. ಹಿಂದೆ ಮಗ್ಗದ ಸದ್ದಿಲ್ಲ. ನಿಲ್ಲಿಸಿದ್ದ ಅಂತ ಕಾಣುತ್ತದೆ. ಕೇಳಿದ:

“ಸಾ, ನೀವು ಬರ್ದದ್ದು ಓದ್ದೆ. ತಪ್ಪು ನಮ್ದೇ ಆಯ್ತು. ಈಗ ನಾನು ಯಾರ ಮುಂದೆ ಓಗಿ ಅಡ್ಡಬೀಳ್ಲಿ ಸಾ?”